ಡೆರೆಕ್ ಜಾರ್ಮನ್: ಸ್ವತಂತ್ರ ಸಿನಿಮಾ ಮತ್ತು ಸಲಿಂಗಿ ಅಸ್ಮಿತೆಯ ನೆಲೆಗಳು

ಪ್ರಸ್ತಾವನೆ

'ಸ್ವತಂತ್ರ ಸಿನಿಮಾ' ಎಂಬ ಪರಿಕಲ್ಪನೆಯನ್ನು ಸಾಮಾನ್ಯವಾಗಿ ಬಂಡವಾಳದ ನೆಲೆಯಿಂದಲೇ ವಿವರಿಸಲಾಗುತ್ತದೆ. ದೊಡ್ಡ ನಿರ್ಮಾಣ ಸಂಸ್ಥೆಗಳ ಹಣವನ್ನಾಗಲಿ, ಅವುಗಳ ವಿತರಣಾ ಜಾಲವನ್ನಾಗಲಿ ನೆಚ್ಚಿಕೊಳ್ಳದೆ ತಯಾರಾದ ಚಿತ್ರ ಎಂಬುದು ಅದಕ್ಕೆ ರೂಢಿಯಲ್ಲಿರುವ ಅರ್ಥ. ಈ ಅರ್ಥವು ತಪ್ಪಲ್ಲವಾದರೂ ಅಪೂರ್ಣವಾದುದು. ಹಣದ ಹಂಗಿಲ್ಲದೆ ಚಿತ್ರ ತೆಗೆದವರು ರೂಪದಲ್ಲಿ ಮುಖ್ಯಧಾರೆಯನ್ನೇ ಅನುಕರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಅದೇ ರೀತಿ, ಸಾರ್ವಜನಿಕ ಸಂಸ್ಥೆಗಳ ನೆರವನ್ನು ಪಡೆದೂ ಯಾರ ಮರ್ಜಿಗೂ ಒಳಗಾಗದೆ ಚಿತ್ರ ತೆಗೆದವರೂ ಇದ್ದಾರೆ. ಹಾಗಾದರೆ ಸ್ವಾತಂತ್ರ್ಯವೆಂಬುದು ಎಲ್ಲಿದೆ? ಹಣದ ಮೂಲದಲ್ಲಿಯೇ, ಅಭಿವ್ಯಕ್ತಿಯ ಕ್ರಮದಲ್ಲಿಯೇ, ಅಥವಾ ತನ್ನನ್ನು ತಾನು ಯಾವ ಹೆಸರಿನಿಂದ ಲೋಕದ ಮುಂದೆ ಕರೆದುಕೊಳ್ಳಬೇಕೆಂಬ ನಿರ್ಧಾರದಲ್ಲಿಯೇ?

ಈ ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದಾಗ ಇಂಗ್ಲೆಂಡಿನ ಚಿತ್ರನಿರ್ದೇಶಕ, ವರ್ಣಚಿತ್ರಕಾರ ಹಾಗೂ ಲೇಖಕ ಡೆರೆಕ್ ಜಾರ್ಮನ್ (1942-1994) ಅವರ ಕೃತಿಸಮೂಹವು ವಿಶೇಷ ಮಹತ್ವವನ್ನು ಪಡೆಯುತ್ತದೆ. ಸಲಿಂಗ ಪ್ರೇಮವನ್ನು ಅಪರಾಧವೆಂದು ಕಾನೂನು ಪರಿಗಣಿಸುತ್ತಿದ್ದ ಕಾಲದಲ್ಲಿ ಬೆಳೆದು, ಅದನ್ನು ಮರೆಮಾಚದೆ ತಮ್ಮ ಸಿನಿಮಾದ ಕೇಂದ್ರಕ್ಕೆ ತಂದವರು ಅವರು. ಅತ್ಯಲ್ಪ ಸಾಧನಗಳಲ್ಲಿ ಕೆಲಸ ಮಾಡಿ, ಆ ಕೊರತೆಯನ್ನೇ ಒಂದು ರೂಪವನ್ನಾಗಿ ಮಾರ್ಪಡಿಸಿದ್ದು ಅವರ ಸಾಧನೆ. ಪ್ರಸ್ತುತ ಲೇಖನವು ಅವರ ವೃತ್ತಿಜೀವನದ ಮುಖ್ಯ ಘಟ್ಟಗಳನ್ನು ಗುರುತಿಸುತ್ತ, ಆರ್ಥಿಕತೆ, ರೂಪ ಮತ್ತು ಅಸ್ಮಿತೆ ಎಂಬ ಮೂರು ನೆಲೆಗಳು ಅವರಲ್ಲಿ ಹೇಗೆ ಒಂದನ್ನೊಂದು ನಿರ್ಧರಿಸಿದವು ಎಂಬುದನ್ನು ಪರಿಶೀಲಿಸುತ್ತದೆ.

ಕಾನೂನಿನ ನೆರಳು ಮತ್ತು ಕಲಾಶಿಕ್ಷಣ

ಜಾರ್ಮನ್ 1942ರ ಜನವರಿ 31ರಂದು ಲಂಡನ್ ಸಮೀಪದ ನಾರ್ತ್‌ವುಡ್‌ನಲ್ಲಿ ಜನಿಸಿದರು. ನ್ಯೂಜಿಲೆಂಡ್ ಮೂಲದ ತಂದೆ ಬ್ರಿಟನ್ನಿನ ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದರು. ತಂದೆಯ ವರ್ಗಾವಣೆಗಳ ಕಾರಣದಿಂದ ಬಾಲ್ಯದ ಕೆಲವು ಕಾಲ ಇಟಲಿಯಲ್ಲಿಯೂ ಪಾಕಿಸ್ತಾನದಲ್ಲಿಯೂ ಕಳೆಯಿತು. ಉಳಿದ ದಿನಗಳು ವಸತಿ ಶಾಲೆಗಳಲ್ಲಿ ಸವೆದವು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ, ಚರಿತ್ರೆ ಮತ್ತು ಕಲಾಚರಿತ್ರೆಗಳನ್ನು ಓದಿ, 1963ರಿಂದ 1967ರವರೆಗೆ ಸ್ಲೇಡ್ ಕಲಾಶಾಲೆಯಲ್ಲಿ ಅವರು ವರ್ಣಚಿತ್ರ ಹಾಗೂ ರಂಗವಿನ್ಯಾಸವನ್ನು ಅಭ್ಯಾಸ ಮಾಡಿದರು. ಸಾಹಿತ್ಯ ಮತ್ತು ಚಿತ್ರಕಲೆಗಳ ಈ ಜೋಡಿ ಶಿಕ್ಷಣವು ಅವರ ಮುಂದಿನ ಸಿನಿಮಾಗಳಿಗೆ ತಳಹದಿಯಾಯಿತು. ಷೇಕ್ಸ್‌ಪಿಯರ್, ಮಾರ್ಲೊ, ಕ್ಯಾರವಾಜಿಯೊ ಇವರೆಲ್ಲ ಜಾರ್ಮನ್ ಅವರಿಗೆ ಪಠ್ಯದ ಹೆಸರುಗಳಾಗಿ ಉಳಿಯದೆ ಸಂಗಾತಿಗಳಾಗಿ ಬಂದವರು.

ಅವರು ಕಲಾಶಾಲೆಯನ್ನು ಮುಗಿಸಿದ ವರ್ಷವೇ ಬ್ರಿಟನ್ನಿನ ಸಂಸತ್ತು ಲೈಂಗಿಕ ಅಪರಾಧಗಳ ಕಾಯಿದೆಯನ್ನು (1967) ಅಂಗೀಕರಿಸಿತೆಂಬುದು ಗಮನಾರ್ಹ. ಅದುವರೆಗೆ ಪುರುಷರಿಬ್ಬರ ನಡುವಿನ ದೈಹಿಕ ಸಂಬಂಧವು ಸೆರೆವಾಸಕ್ಕೆ ಗುರಿಪಡಿಸಬಹುದಾದ ಅಪರಾಧವಾಗಿತ್ತು. 1895ರಲ್ಲಿ ಆಸ್ಕರ್ ವೈಲ್ಡ್ ಅವರನ್ನೂ 1952ರಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಅವರನ್ನೂ ಶಿಕ್ಷಿಸಿದ್ದು ಇದೇ ಕಾನೂನು. 1967ರ ಕಾಯಿದೆ ನೀಡಿದ ವಿನಾಯಿತಿಯು ಸೀಮಿತವಾಗಿತ್ತು. 21 ವರ್ಷ ತುಂಬಿದ ಇಬ್ಬರು, ಖಾಸಗಿಯಾಗಿ, ಪರಸ್ಪರ ಒಪ್ಪಿಗೆಯಿಂದ ಇರಬಹುದೆಂಬುದಷ್ಟೇ ಅದರ ಸಾರ. ಅದೂ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಸ್ಕಾಟ್ಲೆಂಡಿನಲ್ಲಿ 1980ರವರೆಗೆ, ಉತ್ತರ ಐರ್ಲೆಂಡಿನಲ್ಲಿ 1982ರವರೆಗೆ ಹಳೆಯ ಕಾನೂನೇ ಮುಂದುವರಿಯಿತು. ಅಂದರೆ ಪ್ರಭುತ್ವವು ಸಲಿಂಗ ಪ್ರೇಮವನ್ನು ಕೋಣೆಯೊಳಗೆ ಸಹಿಸಿಕೊಳ್ಳಲು ಒಪ್ಪಿತೇ ಹೊರತು ಬಯಲಿನಲ್ಲಿ ಕಾಣಿಸಿಕೊಳ್ಳಲು ಅನುಮತಿ ನೀಡಲಿಲ್ಲ. ಸಿನಿಮಾವಾದರೋ ಮೂಲತಃ ಕಾಣಿಸುವ ಕಲೆ. ಜಾರ್ಮನ್ ಅವರ ಸೃಜನಶೀಲತೆಯು ಈ ವೈರುಧ್ಯದಲ್ಲಿಯೇ ಬೇರು ಬಿಟ್ಟಿದೆ ಎನ್ನಬಹುದು.

ವೃತ್ತಿಯ ಆರಂಭದಲ್ಲಿ ಅವರು ವಿನ್ಯಾಸಕಾರರಾಗಿದ್ದರು. 1968ರಲ್ಲಿ ರಾಯಲ್ ಬ್ಯಾಲೆಯ 'ಜಾಸ್ ಕ್ಯಾಲೆಂಡರ್' ನೃತ್ಯಪ್ರಯೋಗಕ್ಕೂ, ಜಾನ್ ಗೀಲ್‌ಗುಡ್ ನಿರ್ದೇಶಿಸಿದ 'ಡಾನ್ ಜಿಯೊವಾನಿ' ಸಂಗೀತ ನಾಟಕಕ್ಕೂ ರಂಗಸಜ್ಜಿಕೆಯನ್ನು ರೂಪಿಸಿದರು. ಕೆನ್ ರಸೆಲ್ ಅವರ 'ದಿ ಡೆವಿಲ್ಸ್' (1971) ಚಿತ್ರಕ್ಕಾಗಿ ನಿರ್ಮಿಸಿದ ಬಿಳಿಯ ಗೋಡೆಗಳ ನಗರವು ಅವರಿಗೆ ಹೆಸರನ್ನು ತಂದಿತು. ಆದರೆ ಬೃಹತ್ ಸ್ಟುಡಿಯೋ ಒಂದರ ಒಳಗಿದ್ದು ಪಡೆದ ಈ ಅನುಭವವು ಅವರನ್ನು ಅದೇ ದಾರಿಯಲ್ಲಿ ಮುಂದುವರಿಯುವಂತೆ ಮಾಡದೆ, ತೀರ ವಿರುದ್ಧ ದಿಕ್ಕಿಗೆ ಹೊರಳಿಸಿತು.

ಸೂಪರ್-8: ಕೊರತೆಯಿಂದ ಹುಟ್ಟಿದ ರೂಪ

1970ರ ದಶಕದ ಆರಂಭದಲ್ಲಿ ಜಾರ್ಮನ್ ಥೇಮ್ಸ್ ನದಿಯ ದಂಡೆಯ ಹಳೆಯ ಗೋದಾಮುಗಳಲ್ಲಿ ವಾಸವಾಗಿದ್ದರು. ಬಂದರು ವ್ಯಾಪಾರ ಕುಗ್ಗಿ ಪಾಳುಬಿದ್ದಿದ್ದ ಈ ಕಟ್ಟಡಗಳು ಕಲಾವಿದರಿಗೆ ಅಗ್ಗದ ನೆಲೆಗಳಾಗಿದ್ದವು. ಅಲ್ಲಿಯೇ ಅವರು ಸೂಪರ್-8 ಕ್ಯಾಮರಾವನ್ನು ಕೈಗೆತ್ತಿಕೊಂಡರು. ಕೊಡಾಕ್ ಸಂಸ್ಥೆಯು 1965ರಲ್ಲಿ ಮಾರುಕಟ್ಟೆಗೆ ತಂದ ಈ ಎಂಟು ಮಿಲಿಮೀಟರ್ ಫಿಲ್ಮ್, ಮನೆಯ ಮದುವೆ, ಹುಟ್ಟುಹಬ್ಬ, ಪ್ರವಾಸಗಳನ್ನು ಚಿತ್ರೀಕರಿಸಲು ಬಯಸುವ ಸಂಸಾರವಂದಿಗರನ್ನು ಉದ್ದೇಶಿಸಿದ್ದು. ಕುಟುಂಬದ ನೆನಪುಗಳಿಗಾಗಿ ತಯಾರಾದ ಸಾಧನವನ್ನು, ಕಾನೂನಿನ ಕಣ್ಣಿನಲ್ಲಿ ಕುಟುಂಬವೆಂದೇ ಪರಿಗಣಿತವಾಗದ ಗೆಳೆಯರ ಬಳಗವೊಂದರ ಚರಿತ್ರೆಯನ್ನು ದಾಖಲಿಸಲು ಅವರು ಬಳಸಿಕೊಂಡರು.

ಇಲ್ಲಿ ತಾಂತ್ರಿಕ ಅಂಶವೊಂದನ್ನು ವಿವರಿಸುವುದು ಅಗತ್ಯ. ವೃತ್ತಿಪರ ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳನ್ನು ಸೆರೆಹಿಡಿದು ಅದೇ ವೇಗದಲ್ಲಿ ತೋರಿಸಲಾಗುತ್ತದೆ. ಜಾರ್ಮನ್ ಇದಕ್ಕಿಂತ ಬಹಳ ಕಡಿಮೆ ಚೌಕಟ್ಟುಗಳಲ್ಲಿ ಚಿತ್ರೀಕರಿಸಿ, ಅದನ್ನು ಇನ್ನೂ ನಿಧಾನಗೊಳಿಸಿ ಪರದೆಯ ಮೇಲೆ ಬಿತ್ತರಿಸುತ್ತಿದ್ದರು. ಇದರಿಂದ ಎರಡು ಪರಿಣಾಮಗಳುಂಟಾದವು. ಮೊದಲನೆಯದಾಗಿ, ದುಬಾರಿಯಾದ ಫಿಲ್ಮ್ ಉಳಿಯುತ್ತಿತ್ತು. ಎರಡನೆಯದಾಗಿ, ಚಲನೆಯು ತಡವರಿಸುತ್ತ, ಮಿಡಿಯುತ್ತ, ವರ್ಣಚಿತ್ರಗಳ ಸರಣಿಯೊಂದು ಉಸಿರಾಡುತ್ತಿರುವಂತೆ ಭಾಸವಾಗುತ್ತಿತ್ತು. ಈ ಬಿಂಬಗಳನ್ನು ವೀಡಿಯೋಗೆ ವರ್ಗಾಯಿಸಿ, ಅಲ್ಲಿಂದ 35 ಮಿಲಿಮೀಟರ್ ಫಿಲ್ಮಿಗೆ ಹಿಗ್ಗಿಸಿದಾಗ ಬಣ್ಣಗಳು ಕದಡಿ, ಅಂಚುಗಳು ಕರಗಿ, ಬೇರಾವ ಉಪಕರಣದಿಂದಲೂ ದೊರೆಯದ ನೇಯ್ಗೆಯೊಂದು ಮೂಡುತ್ತಿತ್ತು. ಮಿತವ್ಯಯದ ಉಪಾಯವೊಂದು ಹೀಗೆ ಸೌಂದರ್ಯ ಮೀಮಾಂಸೆಯ ಆಯ್ಕೆಯಾಗಿ ಪರಿಣಮಿಸಿತು. ಷೇಕ್ಸ್‌ಪಿಯರನ ಸುನೀತಗಳನ್ನು ನಟಿ ಜೂಡಿ ಡೆಂಚ್ ಅವರ ಧ್ವನಿಯಲ್ಲಿ ಕೇಳಿಸುತ್ತ, ಇಬ್ಬರು ಯುವಕರ ಅನ್ವೇಷಣೆ ಹಾಗೂ ಮಿಲನವನ್ನು ಕಾಣಿಸುವ 'ದಿ ಏಂಜೆಲಿಕ್ ಕಾನ್ವರ್ಸೇಷನ್' (1985) ಈ ಕ್ರಮದ ಅತ್ಯಂತ ಪರಿಪಕ್ವ ಫಲ. ಆ ಸುನೀತಗಳಲ್ಲಿ ಬಹುಪಾಲು ಯುವಕನೊಬ್ಬನನ್ನು ಉದ್ದೇಶಿಸಿ ಬರೆದವು ಎಂಬ, ಪಾಠದ ಕೋಣೆಗಳಲ್ಲಿ ಮುಜುಗರದಿಂದ ದಾಟಿಬಿಡುವ ಸಂಗತಿಯನ್ನು ಜಾರ್ಮನ್ ವಾದ ಮಾಡದೆ ಕೇವಲ ಬಿಂಬಗಳ ಮೂಲಕ ನೆನಪಿಸಿದರು.

ಪರಂಪರೆಯ ಮರುಪ್ರವೇಶ: ಮೊದಲ ಮೂರು ಕಥಾಚಿತ್ರಗಳು

ಪಾಲ್ ಹಮ್‌ಫ್ರೆಸ್ ಅವರೊಂದಿಗೆ ಜಂಟಿಯಾಗಿ ನಿರ್ದೇಶಿಸಿದ 'ಸೆಬಾಸ್ಟಿಯೇನ್' (1976) ಜಾರ್ಮನ್ ಅವರ ಮೊದಲ ಕಥಾಚಿತ್ರ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಕಡಿಮೆ ವೆಚ್ಚದಲ್ಲಿ ಚಿತ್ರಿತವಾದ ಇದರ ಸಂಭಾಷಣೆ ಸಂಪೂರ್ಣವಾಗಿ ಲ್ಯಾಟಿನ್ ಭಾಷೆಯಲ್ಲಿದೆ. ಬಾಣಗಳಿಗೆ ಗುರಿಯಾಗುವ ಸಂತ ಸೆಬಾಸ್ಟಿಯನ್ನನ ಕಥೆ ಯುರೋಪಿನ ಧಾರ್ಮಿಕ ಚಿತ್ರಕಲೆಯಲ್ಲಿ ಶತಮಾನಗಳಿಂದ ಬಳಕೆಯಲ್ಲಿದ್ದ ವಸ್ತು. ಆ ವರ್ಣಚಿತ್ರಗಳಲ್ಲಿ ಭಕ್ತಿಯ ಹೆಸರಿನಲ್ಲಿ ಸುಪ್ತವಾಗಿದ್ದ ದೇಹಸೌಂದರ್ಯದ ಆರಾಧನೆಯನ್ನು ಚಿತ್ರವು ಪ್ರಕಟವಾಗಿ ಹೇಳಿತು. ಬ್ರಿಟಿಷ್ ಸಿನಿಮಾದಲ್ಲಿ ಅದುವರೆಗೆ ಸಲಿಂಗಿ ಪಾತ್ರವೆಂದರೆ ಬೆದರಿಕೆಗೆ ಒಳಗಾದ ದುರ್ಬಲ ವ್ಯಕ್ತಿ ಅಥವಾ ನಗೆಪಾಟಲಿನ ವ್ಯಕ್ತಿ ಆಗಿರುತ್ತಿದ್ದುದೇ ಹೆಚ್ಚು. ತಪ್ಪೊಪ್ಪಿಗೆಯ ಧ್ವನಿಯಾಗಲಿ ಸಮರ್ಥನೆಯ ಧ್ವನಿಯಾಗಲಿ ಇಲ್ಲದೆ ಪುರುಷರ ನಡುವಿನ ಬಯಕೆಯನ್ನು ತೋರಿಸಿದ್ದರಲ್ಲಿ 'ಸೆಬಾಸ್ಟಿಯೇನ್'ನ ಹೊಸತನವಿದೆ.

ಎರಡನೆಯ ಚಿತ್ರ 'ಜುಬಿಲಿ' (1978) ರಾಣಿ ಎರಡನೆಯ ಎಲಿಜಬೆತ್ ಸಿಂಹಾಸನವೇರಿದ ರಜತೋತ್ಸವದ ಸಂಭ್ರಮಕ್ಕೆ ನೀಡಿದ ಕಹಿ ಉತ್ತರ. ಹದಿನಾರನೆಯ ಶತಮಾನದ ಮೊದಲನೆಯ ಎಲಿಜಬೆತ್ ತನ್ನ ಆಸ್ಥಾನದ ಮಾಂತ್ರಿಕ ಜಾನ್ ಡೀಯ ನೆರವಿನಿಂದ ಭವಿಷ್ಯದ ಇಂಗ್ಲೆಂಡನ್ನು ನೋಡುತ್ತಾಳೆ. ಅಲ್ಲಿ ಕಾಣುವುದು ಸುಟ್ಟ ಬೀದಿಗಳು, ಹಿಂಸೆ ಮತ್ತು ಪ್ರತಿಯೊಂದನ್ನೂ ಕೊಂಡುಕೊಳ್ಳುವ ವ್ಯಾಪಾರಿಯೊಬ್ಬನ ನಗು. ಪಂಕ್ ಸಂಗೀತಗಾರರನ್ನೇ ನಟರನ್ನಾಗಿಸಿಕೊಂಡ ಈ ಚಿತ್ರವನ್ನು ಪಂಕ್ ವಲಯದವರೇ ಪೂರ್ತಿಯಾಗಿ ಒಪ್ಪಲಿಲ್ಲ. ವಸ್ತ್ರವಿನ್ಯಾಸಕಿ ವಿವಿಯೆನ್ ವೆಸ್ಟ್‌ವುಡ್ ತಮ್ಮ ಆಕ್ಷೇಪಣೆಯನ್ನು ಬಹಿರಂಗ ಪತ್ರದ ರೂಪದಲ್ಲಿ ಅಂಗಿಯ ಮೇಲೆಯೇ ಮುದ್ರಿಸಿದರು. ಆದರೆ ಬಂಡಾಯವೂ ಕೊನೆಗೆ ಮಾರಾಟದ ಸರಕಾಗುತ್ತದೆ ಎಂಬ ಚಿತ್ರದ ಗ್ರಹಿಕೆಯನ್ನು ನಂತರದ ವರ್ಷಗಳು ಸಮರ್ಥಿಸಿದವು.

'ದಿ ಟೆಂಪೆಸ್ಟ್' (1979) ಷೇಕ್ಸ್‌ಪಿಯರನ ನಾಟಕದ ಮರುಸೃಷ್ಟಿ. ದ್ವೀಪದ ಬದಲು ಶಿಥಿಲವಾದ ಹಳೆಯ ಬಂಗಲೆಯೊಂದರ ಕತ್ತಲ ಕೋಣೆಗಳಲ್ಲಿ ನಾಟಕ ನಡೆಯುತ್ತದೆ. ಇದೇ ನಾಟಕವನ್ನು ಕುವೆಂಪು ಅವರು 1930ರಲ್ಲಿ 'ಬಿರುಗಾಳಿ'ಯಾಗಿ ಕನ್ನಡಕ್ಕೆ ತಂದುದು ಕನ್ನಡ ಓದುಗರಿಗೆ ಪರಿಚಿತವಾದ ಸಂಗತಿ. ಮೂಲಕೃತಿಯೊಂದನ್ನು ಮುಟ್ಟದೆ ಕಾಪಾಡಬೇಕಾದ ನಿಧಿಯೆಂದು ಭಾವಿಸದೆ, ತನ್ನ ಕಾಲ ಹಾಗೂ ನೆಲದ ಅಗತ್ಯಕ್ಕೆ ತಕ್ಕಂತೆ ಮರಳಿ ಕಟ್ಟಬಹುದಾದ ವಸ್ತುವೆಂದು ನೋಡುವ ಧೈರ್ಯ ರೂಪಾಂತರಕಾರನಿಗೆ ಬೇಕಾಗುತ್ತದೆ. ಜಾರ್ಮನ್ ಅಂಥ ಧೈರ್ಯವನ್ನು ಷೇಕ್ಸ್‌ಪಿಯರನ ತವರಿನಲ್ಲಿಯೇ ತೋರಿದರು. ಕೊನೆಯ ವಿವಾಹೋತ್ಸವದ ದೃಶ್ಯದಲ್ಲಿ ನಾವಿಕರು ಕುಣಿಯುತ್ತಿರಲು, ಎಲಿಸಬೆತ್ ವೆಲ್ಚ್ ಇಪ್ಪತ್ತನೆಯ ಶತಮಾನದ ಜನಪ್ರಿಯ ಗೀತೆಯೊಂದನ್ನು ಹಾಡುತ್ತ ಬರುವುದು ಈ ಧೋರಣೆಗೆ ಸಾಕ್ಷಿ.

'ಕ್ಯಾರವಾಜಿಯೊ' ಮತ್ತು ಸಾರ್ವಜನಿಕ ಹಣದ ಪ್ರಶ್ನೆ

'ದಿ ಟೆಂಪೆಸ್ಟ್' ಬಳಿಕ 'ಕ್ಯಾರವಾಜಿಯೊ' (1986) ತೆರೆಗೆ ಬರುವ ವೇಳೆಗೆ ಏಳು ವರ್ಷಗಳು ಸಂದಿದ್ದವು. ಈ ಅವಧಿಯಲ್ಲಿ ಚಿತ್ರಕಥೆಯನ್ನು ಹಲವು ಬಾರಿ ತಿದ್ದಿ ಬರೆದರೂ ಹಣ ಹೂಡುವವರು ಸಿಗಲಿಲ್ಲ. ಕೊನೆಗೆ ನೆರವಾದದ್ದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಎಂಬ ಸಾರ್ವಜನಿಕ ಸಂಸ್ಥೆ. ಐದು ಲಕ್ಷ ಪೌಂಡಿಗೂ ಕಡಿಮೆ ವೆಚ್ಚದಲ್ಲಿ, ಹದಿನೇಳನೆಯ ಶತಮಾನದ ರೋಮ್ ನಗರವನ್ನು ಲಂಡನ್ನಿನ ಬಂದರು ಪ್ರದೇಶದ ಕಟ್ಟಡವೊಂದರ ಒಳಗೇ ಕಟ್ಟಲಾಯಿತು. ರೋಮ್‌ನ ಬೀದಿಗಳನ್ನಾಗಲಿ ಆಕಾಶವನ್ನಾಗಲಿ ತೋರಿಸುವ ಅನುಕೂಲವಿರಲಿಲ್ಲ. ಆದರೆ ಕ್ಯಾರವಾಜಿಯೊನ ವರ್ಣಚಿತ್ರಗಳಲ್ಲಿಯೂ ಆಕಾಶವಿರುವುದು ವಿರಳ. ಗಾಢವಾದ ಕತ್ತಲೆಯ ಹಿನ್ನೆಲೆಯಲ್ಲಿ ಒಂದು ಬದಿಯಿಂದ ಬೀಳುವ ಬೆಳಕು, ಆ ಬೆಳಕಿನಲ್ಲಿ ಮೈದಳೆಯುವ ಬಡವರ ದೇಹಗಳು, ಇವೇ ಆತನ ಲೋಕ. ಬಡತನದ ಚಿತ್ರೀಕರಣವು ಹೀಗೆ ಚಿತ್ರಕಾರನ ದೃಷ್ಟಿಗೆ ಅತ್ಯಂತ ನಿಷ್ಠವಾದ ಚಿತ್ರೀಕರಣವೂ ಆಯಿತು. ಬೆರಳಚ್ಚು ಯಂತ್ರ, ಕ್ಯಾಲ್ಕುಲೇಟರ್, ಮೋಟಾರು ಬೈಕುಗಳನ್ನು ಆ ಶತಮಾನದೊಳಕ್ಕೆ ಉದ್ದೇಶಪೂರ್ವಕವಾಗಿ ತಂದದ್ದು ಮತ್ತೊಂದು ಮಹತ್ವದ ಅಂಶ. ಕ್ಯಾರವಾಜಿಯೊ ಬೈಬಲಿನ ಪಾತ್ರಗಳಿಗೆ ತನ್ನ ಕಾಲದ ಬೀದಿಯ ಜನರ ಉಡುಗೆ ತೊಡಿಸಿದ್ದನಲ್ಲವೇ? ಜಾರ್ಮನ್ ಅದೇ ನಿಯಮವನ್ನು ಕ್ಯಾರವಾಜಿಯೊನಿಗೆ ಅನ್ವಯಿಸಿದರು. ಬರ್ಲಿನ್ ಚಿತ್ರೋತ್ಸವದಲ್ಲಿ ಈ ಕೃತಿಗೆ 'ಸಿಲ್ವರ್ ಬೇರ್' ಮನ್ನಣೆ ದೊರೆಯಿತು. ಜಾರ್ಮನ್ ಅವರ ಬಹುತೇಕ ಎಲ್ಲ ಮುಂದಿನ ಚಿತ್ರಗಳಲ್ಲಿ ಜೊತೆಗಿದ್ದ ನಟಿ ಟಿಲ್ಡಾ ಸ್ವಿಂಟನ್ ಅವರ ಮೊದಲ ಕಥಾಚಿತ್ರವೂ ಇದೇ.

ಇಲ್ಲಿ ಆರಂಭದ ಪ್ರಶ್ನೆಗೆ ಮರಳಬೇಕಾಗುತ್ತದೆ. ಸಾರ್ವಜನಿಕ ಸಂಸ್ಥೆಯೊಂದರ ಹಣದಿಂದ ತಯಾರಾದ ಚಿತ್ರವನ್ನು 'ಸ್ವತಂತ್ರ'ವೆಂದು ಕರೆಯಬಹುದೇ? ಜಾರ್ಮನ್ ಅವರ ವೃತ್ತಿಜೀವನವು ನೀಡುವ ಉತ್ತರ ಸಂಕೀರ್ಣವಾದುದು. ಅವರು ಯಾವ ಕಾಲಕ್ಕೂ ನಿರವಲಂಬಿಗಳಾಗಿರಲಿಲ್ಲ. ಫಿಲ್ಮ್ ಇನ್‌ಸ್ಟಿಟ್ಯೂಟ್, 1982ರಲ್ಲಿ ಆರಂಭವಾದ ಚಾನೆಲ್ 4, ಬಿಬಿಸಿ ಇವುಗಳ ನೆರವಿಲ್ಲದೆ ಅವರ ಹಲವು ಚಿತ್ರಗಳು ಹುಟ್ಟುತ್ತಿರಲಿಲ್ಲ. ಸಂಗೀತ ತಂಡಗಳಿಗಾಗಿ ಕಿರುಚಿತ್ರಗಳನ್ನು ತೆಗೆದುಕೊಟ್ಟು ಜೀವನ ಸಾಗಿಸಿದ್ದೂ ಉಂಟು. ಆದರೆ ಅವಲಂಬನೆಗೂ ಅಧೀನತೆಗೂ ವ್ಯತ್ಯಾಸವಿದೆ. ಕಡಿಮೆ ಹಣವನ್ನು ಕೇಳುವವನಿಗೆ ಕಡಿಮೆ ಷರತ್ತುಗಳು ಎದುರಾಗುತ್ತವೆ ಎಂಬುದನ್ನು ಅವರು ಅರಿತಿದ್ದರು. ಸಾರ್ವಜನಿಕ ಪ್ರಸಾರವೂ ನಿರಾತಂಕವಾಗಿರಲಿಲ್ಲ. 1985ರಲ್ಲಿ ಚಾನೆಲ್ 4 'ಸೆಬಾಸ್ಟಿಯೇನ್' ಮತ್ತು 'ಜುಬಿಲಿ' ಚಿತ್ರಗಳನ್ನು ಪ್ರಸಾರ ಮಾಡಿದಾಗ ಪತ್ರಿಕೆಗಳಲ್ಲಿ ತೀವ್ರ ಪ್ರತಿಭಟನೆ ವ್ಯಕ್ತವಾಯಿತು.

ರೋಗ, ಇಪ್ಪತ್ತೆಂಟನೆಯ ವಿಧಿ ಮತ್ತು ಕಡಲತೀರದ ತೋಟ

1986ರ ಡಿಸೆಂಬರ್ 22ರಂದು ಜಾರ್ಮನ್ ಅವರಿಗೆ ಎಚ್‌ಐವಿ ಸೋಂಕು ತಗುಲಿರುವುದು ದೃಢಪಟ್ಟಿತು. ಆಗ ಈ ಸೋಂಕಿಗೆ ಪರಿಣಾಮಕಾರಿಯಾದ ಚಿಕಿತ್ಸೆ ಇರಲಿಲ್ಲ. ಸರ್ಕಾರದ ಎಚ್ಚರಿಕೆಯ ಜಾಹೀರಾತುಗಳು ಗೋರಿಕಲ್ಲಿನ ಚಿತ್ರವನ್ನು ಮನೆಮನೆಯ ದೂರದರ್ಶನದಲ್ಲಿ ತೋರಿಸುತ್ತಿದ್ದವು. ಪತ್ರಿಕೆಗಳು ರೋಗಿಗಳನ್ನು ಬೇಟೆಯಾಡುವಂತೆ ಹಿಂಬಾಲಿಸುತ್ತಿದ್ದವು. ಇಂಥ ಸನ್ನಿವೇಶದಲ್ಲಿ ಹೆಚ್ಚಿನವರು ಮೌನಕ್ಕೆ ಶರಣಾದುದು ಸಹಜವೇ ಆಗಿತ್ತು. ಜಾರ್ಮನ್ ತಮ್ಮ ಸ್ಥಿತಿಯನ್ನು 1987ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಬ್ರಿಟನ್ನಿನಲ್ಲಿ ಹಾಗೆ ಹೇಳಿಕೊಂಡ ಮೊದಲ ಕೆಲವು ಪ್ರಸಿದ್ಧ ವ್ಯಕ್ತಿಗಳಲ್ಲಿ ಅವರೂ ಒಬ್ಬರು.

ಇದೇ ಹೊತ್ತಿಗೆ ಮಾರ್ಗರೆಟ್ ಥ್ಯಾಚರ್ ಸರ್ಕಾರವು 1988ರ ಸ್ಥಳೀಯ ಆಡಳಿತ ಕಾಯಿದೆಯಲ್ಲಿ ಇಪ್ಪತ್ತೆಂಟನೆಯ ವಿಧಿಯನ್ನು ಸೇರಿಸಿತು. ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು ಉತ್ತೇಜಿಸಬಾರದು, ಅಂಥ ಸಂಬಂಧಗಳನ್ನು ಕುಟುಂಬವೆಂದು ಒಪ್ಪಿಕೊಳ್ಳುವ ಬೋಧನೆಗೆ ಶಾಲೆಗಳಲ್ಲಿ ಎಡೆ ಕೊಡಬಾರದು ಎಂಬುದು ಅದರ ತಾತ್ಪರ್ಯ. ಈ ವಿಧಿಯಡಿ ಯಾರಿಗೂ ಶಿಕ್ಷೆಯಾಗಲಿಲ್ಲವಾದರೂ ಗ್ರಂಥಾಲಯಗಳು, ಶಾಲೆಗಳು, ರಂಗತಂಡಗಳು ಭಯದಿಂದ ತಮಗೆ ತಾವೇ ನಿರ್ಬಂಧ ಹಾಕಿಕೊಂಡವು. ಜಾರ್ಮನ್ ಇದರ ವಿರುದ್ಧದ ಮೆರವಣಿಗೆಗಳಲ್ಲಿ ಪಾಲ್ಗೊಂಡರು. ಸ್ಕಾಟ್ಲೆಂಡಿನಲ್ಲಿ 2000ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2003ರಲ್ಲಿ ಆ ವಿಧಿ ರದ್ದಾಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ.

'ದಿ ಲಾಸ್ಟ್ ಆಫ್ ಇಂಗ್ಲೆಂಡ್' (1987) ಈ ಕಾಲದ ಕೋಪ ಹಾಗೂ ಶೋಕಗಳ ಅಭಿವ್ಯಕ್ತಿ. ದೇಶ ತೊರೆದು ಹೋಗುವ ವಲಸಿಗರನ್ನು ಚಿತ್ರಿಸಿದ ಫೋರ್ಡ್ ಮ್ಯಾಡಕ್ಸ್ ಬ್ರೌನನ ವರ್ಣಚಿತ್ರದಿಂದ ಶೀರ್ಷಿಕೆ ಬಂದಿದೆ. ಸೂಪರ್-8ರಲ್ಲಿ ಚಿತ್ರಿತವಾದ ಈ ಕೃತಿಗೆ ರೂಢಿಯ ಅರ್ಥದ ಚಿತ್ರಕಥೆಯೇ ಇಲ್ಲ. ಪಾಳುಬಿದ್ದ ಬಂದರು, ಉರಿಯುವ ಬೆಂಕಿ ಮತ್ತು ಬಂದೂಕುಧಾರಿಗಳ ನಡುವೆ ಜಾರ್ಮನ್ ಅವರ ಕುಟುಂಬದ ಹಳೆಯ ಗೃಹಚಿತ್ರಗಳ ತುಣುಕುಗಳು ಸುಳಿಯುತ್ತವೆ. ನದಿಯ ದಂಡೆಯಲ್ಲಿ ವಧುವೊಬ್ಬಳು ತನ್ನ ಮದುವೆಯ ಉಡುಪನ್ನು ಕತ್ತರಿಯಿಂದ ಹರಿದುಕೊಳ್ಳುವ ದೃಶ್ಯದೊಡನೆ ಚಿತ್ರವು ಪರಾಕಾಷ್ಠೆಯನ್ನು ಮುಟ್ಟುತ್ತದೆ. ವಾಯುಪಡೆಯ ಅಧಿಕಾರಿಯೊಬ್ಬ ಯುದ್ಧೋತ್ತರ ಕಾಲದಲ್ಲಿ ತನ್ನ ಮಕ್ಕಳನ್ನು ತೋಟದಲ್ಲಿ ಚಿತ್ರೀಕರಿಸಿದ್ದು, ಅದೇ ಮಗ ಅಂಥದೇ ಪುಟ್ಟ ಕ್ಯಾಮರಾದಿಂದ ದೇಶದ ಅಳಿವನ್ನು ಚಿತ್ರೀಕರಿಸುವುದು, ಇವೆರಡೂ ಒಂದೇ ಚಿತ್ರದಲ್ಲಿ ಎದುರುಬದುರಾಗಿವೆ. ವಿಲ್‌ಫ್ರೆಡ್ ಓವೆನ್ನನ ಕವಿತೆಗಳನ್ನು ಒಳಗೊಂಡ ಬೆಂಜಮಿನ್ ಬ್ರಿಟನ್ ಅವರ ಸಂಗೀತಕೃತಿಯನ್ನು ಆಧರಿಸಿದ 'ವಾರ್ ರೆಕ್ವಿಯಮ್' (1989) ಚಿತ್ರವು ಯುದ್ಧದಲ್ಲಿ ಸತ್ತ ಯುವಕರ ಶೋಕವನ್ನು ಏಡ್ಸ್ ಕಾಲದ ಶೋಕದೊಂದಿಗೆ ಮೌನವಾಗಿ ಜೋಡಿಸಿತು.

1987ರಲ್ಲಿ ಜಾರ್ಮನ್ ಕೆಂಟ್ ಪ್ರಾಂತ್ಯದ ಡಂಜನೆಸ್ ಕಡಲತೀರದಲ್ಲಿ 'ಪ್ರಾಸ್ಪೆಕ್ಟ್ ಕಾಟೇಜ್' ಎಂಬ ಬೆಸ್ತರ ಮರದ ಮನೆಯೊಂದನ್ನು ಕೊಂಡರು. ಕಪ್ಪು ಗೋಡೆಗಳು, ಹಳದಿ ಕಿಟಕಿಗಳು, ಸುತ್ತ ಬರಿಯ ಬೆಣಚುಕಲ್ಲಿನ ಹರವು, ತುಸು ದೂರದಲ್ಲಿ ಅಣುವಿದ್ಯುತ್ ಸ್ಥಾವರ. ಉಪ್ಪುಗಾಳಿ ಬೀಸುವ ಆ ನೆಲದಲ್ಲಿ ಅವರು ಬೇಲಿಯಿಲ್ಲದ ತೋಟವನ್ನು ಬೆಳೆಸಿದರು. ಕಡಲು ತಂದೆಸೆದ ಮರದ ತುಂಡುಗಳು, ತುಕ್ಕು ಹಿಡಿದ ಕಬ್ಬಿಣ, ಗಸಗಸೆ ಮತ್ತು ಲ್ಯಾವೆಂಡರ್ ಹೂಗಳು ಅಲ್ಲಿ ಒಟ್ಟಿಗೆ ನಿಂತವು. ಸಿಕ್ಕಿದ ವಸ್ತುಗಳಿಂದಲೇ ಕಟ್ಟುವ ಅವರ ಸಿನಿಮಾದ ಕ್ರಮವೇ ತೋಟದ ಕ್ರಮವೂ ಆಯಿತು. 'ಮಾಡರ್ನ್ ನೇಚರ್' (1991) ಎಂಬ ದಿನಚರಿಯಲ್ಲಿ ಗಿಡಗಳ ಹೆಸರುಗಳು, ಬಾಲ್ಯದ ನೆನಪುಗಳು ಮತ್ತು ಆಸ್ಪತ್ರೆಯ ದಿನಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಇದೇ ಪರಿಸರದಲ್ಲಿ ಚಿತ್ರಿತವಾದ 'ದಿ ಗಾರ್ಡನ್' (1990), ಕ್ರಿಸ್ತನ ಯಾತನೆಯ ಕಥೆಯಲ್ಲಿ ಕ್ರಿಸ್ತನ ಸ್ಥಾನಕ್ಕೆ ಇಬ್ಬರು ಪ್ರೇಮಿಗಳನ್ನು ತಂದು ನಿಲ್ಲಿಸುತ್ತದೆ.

'ಎಡ್ವರ್ಡ್ ದಿ ಸೆಕೆಂಡ್': ವಾದ ಮತ್ತು ವಿವಾದ

ಕ್ರಿಸ್ಟೋಫರ್ ಮಾರ್ಲೊನ ನಾಟಕವನ್ನು ಆಧರಿಸಿದ 'ಎಡ್ವರ್ಡ್ ದಿ ಸೆಕೆಂಡ್' (1991) ಜಾರ್ಮನ್ ಅವರ ಅತ್ಯಂತ ನೇರವಾದ ರಾಜಕೀಯ ಚಿತ್ರ. ತನ್ನ ಪ್ರಿಯನಾದ ಗೇವ್‌ಸ್ಟನ್ನನಿಗಾಗಿ ರಾಜ್ಯವನ್ನೇ ಕಳೆದುಕೊಳ್ಳುವ ದೊರೆಯ ಕಥೆಯಲ್ಲಿ, ದೊರೆಯ ಪಕ್ಷದವರಾಗಿ ಇಪ್ಪತ್ತನೆಯ ಶತಮಾನದ ಹಕ್ಕುಹೋರಾಟಗಾರರೇ ಫಲಕಗಳನ್ನು ಹಿಡಿದು ಪೊಲೀಸರನ್ನು ಎದುರಿಸುತ್ತಾರೆ. ಮೂಲದಲ್ಲಿ ದೊರೆಯ ಕೊಲೆ ಭೀಕರವಾದುದು. ಜಾರ್ಮನ್ ಅದನ್ನು ದುಃಸ್ವಪ್ನವಾಗಿ ತೋರಿಸಿ, ಕೊಲೆಗಾರನು ಆಯುಧವನ್ನು ಎಸೆದು ದೊರೆಯನ್ನು ಚುಂಬಿಸುವ ಮತ್ತೊಂದು ಅಂತ್ಯವನ್ನು ನೀಡಿದರು. ರಾಣಿ ಇಸಬೆಲ್ಲಳ ಪಾತ್ರಕ್ಕಾಗಿ ಟಿಲ್ಡಾ ಸ್ವಿಂಟನ್ ವೆನಿಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯೆಂಬ ಪ್ರಶಸ್ತಿ ಪಡೆದರು. 1992ರಲ್ಲಿ ವಿಮರ್ಶಕಿ ಬಿ. ರೂಬಿ ರಿಚ್ 'ನ್ಯೂ ಕ್ವಿಯರ್ ಸಿನಿಮಾ' ಎಂಬ ಹೆಸರಿನಿಂದ ಗುರುತಿಸಿದ ಕಿರಿಯ ನಿರ್ದೇಶಕರ ಗುಂಪಿಗೆ ಜಾರ್ಮನ್ ಹಿರಿಯ ಮಾದರಿಯಾಗಿ ಕಂಡರು.

ಆದರೆ ಈ ಚಿತ್ರದ ಬಗ್ಗೆ ಎತ್ತಬಹುದಾದ ಆಕ್ಷೇಪವನ್ನು ಅಲಕ್ಷಿಸುವಂತಿಲ್ಲ. ತಿರಸ್ಕೃತಳಾದ ರಾಣಿಯನ್ನು ಚಿತ್ರವು ಕ್ರಮೇಣ ರಕ್ತ ಹೀರುವ ರಾಕ್ಷಸಿಯನ್ನಾಗಿ ಪರಿವರ್ತಿಸುತ್ತದೆ. ಅಂಚಿಗೆ ತಳ್ಳಲ್ಪಟ್ಟ ಒಂದು ಸಮುದಾಯದ ಪರವಾಗಿ ಮಾತನಾಡುವ ಕೃತಿಯು ಹೆಣ್ಣಿನ ವಿಷಯದಲ್ಲಿ ಅದೇ ಅನ್ಯಾಯವನ್ನು ಎಸಗಬಹುದು ಎಂಬುದಕ್ಕೆ ಇದು ನಿದರ್ಶನ. ಸ್ವಿಂಟನ್ ಅವರ ಅಭಿನಯವು ಆರಂಭದ ದೃಶ್ಯಗಳಲ್ಲಿ ಇಸಬೆಲ್ಲಳ ನೋವಿಗೆ ಘನತೆಯನ್ನು ತಂದಿದೆಯಾದರೂ ಚಿತ್ರದ ಒಟ್ಟು ನಿಲುವು ಅವಳಿಗೆ ನ್ಯಾಯ ಒದಗಿಸಿಲ್ಲ.

ಸಮುದಾಯದ ಒಳಗೂ ಜಾರ್ಮನ್ ವಿವಾದಕ್ಕೆ ಕಾರಣರಾದರು. ನಟ ಇಯಾನ್ ಮೆಕೆಲನ್ 1991ರ ಹೊಸವರ್ಷದ ಗೌರವಪಟ್ಟಿಯಲ್ಲಿ ನೈಟ್ ಪದವಿಯನ್ನು ಸ್ವೀಕರಿಸಿದಾಗ, ಇಪ್ಪತ್ತೆಂಟನೆಯ ವಿಧಿಯನ್ನು ತಂದ ಸರ್ಕಾರದಿಂದ ಅದನ್ನು ಪಡೆಯಬಾರದಿತ್ತೆಂದು ಜಾರ್ಮನ್ 'ಗಾರ್ಡಿಯನ್' ಪತ್ರಿಕೆಯಲ್ಲಿ ಟೀಕಿಸಿದರು. ಹಲವು ಸಲಿಂಗಿ ಕಲಾವಿದರು ಮೆಕೆಲನ್ ಪರವಾಗಿ ಪತ್ರ ಬರೆದರು. ವ್ಯವಸ್ಥೆಯ ಒಳಗಿದ್ದು ಬದಲಾಯಿಸಬೇಕೇ, ಹೊರಗಿದ್ದು ಪ್ರತಿಭಟಿಸಬೇಕೇ ಎಂಬ, ಎಲ್ಲ ಚಳವಳಿಗಳನ್ನೂ ಕಾಡುವ ಪ್ರಶ್ನೆ ಇಲ್ಲಿಯೂ ಇತ್ತು. ಕಾನೂನುಗಳು ಬದಲಾದುದರಲ್ಲಿ ಎರಡೂ ಮಾರ್ಗಗಳ ಪಾಲಿದೆಯೆಂಬುದು ಇಂದು ಹಿಂತಿರುಗಿ ನೋಡಿದಾಗ ಸ್ಪಷ್ಟವಾಗುತ್ತದೆ.

'ಬ್ಲೂ': ಬಿಂಬವಿಲ್ಲದ ಸಿನಿಮಾ

ಕಪ್ಪು ತೆರೆಯ ಮುಂದೆ ಕೆಲವೇ ಪೀಠೋಪಕರಣಗಳೊಂದಿಗೆ ದಾರ್ಶನಿಕನೊಬ್ಬನ ಜೀವನವನ್ನು ನಿರೂಪಿಸಿದ 'ವಿಟ್‌ಗೆನ್‌ಸ್ಟೈನ್' (1993) ಚಿತ್ರದಲ್ಲಿ ಜಾರ್ಮನ್ ದೃಶ್ಯಸಜ್ಜಿಕೆಯನ್ನು ತ್ಯಜಿಸಿದ್ದರು. ಅದೇ ವರ್ಷದ 'ಬ್ಲೂ' ಚಿತ್ರದಲ್ಲಿ ಬಿಂಬವನ್ನೇ ತ್ಯಜಿಸಿದರು. ಸುಮಾರು ಒಂದೂಕಾಲು ಗಂಟೆಯ ಕಾಲ ಪರದೆಯ ಮೇಲೆ ಇರುವುದು ಗಾಢವಾದ ನೀಲಿ ಬಣ್ಣವೊಂದೇ. ಫ್ರೆಂಚ್ ಕಲಾವಿದ ಈವ್ ಕ್ಲೈನ್ ತನ್ನ ವರ್ಣಚಿತ್ರಗಳಲ್ಲಿ ಬಳಸಿದ ನೀಲಿ ಇದಕ್ಕೆ ಪ್ರೇರಣೆ. ಜಾರ್ಮನ್ ಅವರದೂ ಸೇರಿದಂತೆ ನಾಲ್ಕು ಧ್ವನಿಗಳು ಆಸ್ಪತ್ರೆಯ ದಿನಗಳನ್ನು, ಔಷಧಗಳ ಅಡ್ಡಪರಿಣಾಮಗಳನ್ನು, ಸತ್ತ ಗೆಳೆಯರ ಹೆಸರುಗಳನ್ನು, ಕಾವ್ಯವನ್ನು, ಕಹಿ ಹಾಸ್ಯವನ್ನು ನಿವೇದಿಸುತ್ತವೆ. ಸೈಮನ್ ಫಿಶರ್ ಟರ್ನರ್ ಅವರ ಸಂಗೀತ ಹಾಗೂ ಧ್ವನಿವಿನ್ಯಾಸ ಅದಕ್ಕೆ ಆವರಣವಾಗಿದೆ.

ಏಡ್ಸ್ ಸಂಬಂಧಿತ ಸೋಂಕಿನಿಂದ ಜಾರ್ಮನ್ ಅವರ ದೃಷ್ಟಿ ಆ ವೇಳೆಗೆ ಬಹುಮಟ್ಟಿಗೆ ಹೋಗಿತ್ತು. ಆದ್ದರಿಂದ 'ಬ್ಲೂ' ಚಿತ್ರವನ್ನು ಕುರುಡಾಗುತ್ತಿರುವ ನಿರ್ದೇಶಕನ ಅನಿವಾರ್ಯತೆಯೆಂದು ಓದುವ ಕ್ರಮವಿದೆ. ಆದರೆ ಕ್ಲೈನ್‌ನ ನೀಲಿಯನ್ನು ಕುರಿತ ಚಿತ್ರದ ಯೋಚನೆ ಅವರಲ್ಲಿ ದೃಷ್ಟಿದೋಷಕ್ಕಿಂತ ಹಿಂದಿನದು. ಇದನ್ನು ಆ ಕಾಲದ ದೃಶ್ಯ ರಾಜಕಾರಣದ ಹಿನ್ನೆಲೆಯಲ್ಲಿ ನೋಡುವುದು ಹೆಚ್ಚು ಸಮಂಜಸ. ಸೊರಗಿದ ಮೈ, ಕಲೆಗಳು ತುಂಬಿದ ಮುಖ, ಆಸ್ಪತ್ರೆಯ ಹಾಸಿಗೆ, ಇವು ಏಡ್ಸ್ ಎಂದೊಡನೆ ಪತ್ರಿಕೆಗಳು ಮುದ್ರಿಸುತ್ತಿದ್ದ ಚಿತ್ರಗಳು. ನೋಡುಗನಿಗೆ ಕನಿಕರವನ್ನೂ ಅಸಹ್ಯವನ್ನೂ ಏಕಕಾಲಕ್ಕೆ ಒದಗಿಸುವ ಇಂಥ ಬಿಂಬಗಳಲ್ಲಿ ರೋಗಿಯ ಧ್ವನಿಗೆ ಅವಕಾಶವಿರಲಿಲ್ಲ. ಜಾರ್ಮನ್ ನೋಡುಗನಿಗೆ ನೋಡಲು ಏನನ್ನೂ ಕೊಡಲಿಲ್ಲ, ಕೇಳಲು ಎಲ್ಲವನ್ನೂ ಕೊಟ್ಟರು. 1970ರ ದಶಕದಲ್ಲಿ ಅಡಗಿಸಿಟ್ಟಿದ್ದನ್ನು ಕಾಣಿಸುವುದು ಸ್ವಾತಂತ್ರ್ಯವಾಗಿದ್ದರೆ, 1990ರ ದಶಕದಲ್ಲಿ ಅತಿಯಾಗಿ ಕಾಣಿಸಲ್ಪಡುತ್ತಿದ್ದುದನ್ನು ನಿರಾಕರಿಸುವುದು ಸ್ವಾತಂತ್ರ್ಯವಾಯಿತು. 1993ರ ಸೆಪ್ಟೆಂಬರ್ 19ರಂದು ಚಾನೆಲ್ 4 ಮತ್ತು ಬಿಬಿಸಿ ರೇಡಿಯೋ 3 ಈ ಕೃತಿಯನ್ನು ಏಕಕಾಲಕ್ಕೆ ಪ್ರಸಾರ ಮಾಡಿದವು.

ಸಮಾರೋಪ

ಜಾರ್ಮನ್ 1994ರ ಫೆಬ್ರವರಿ 19ರಂದು ಲಂಡನ್ನಿನಲ್ಲಿ ನಿಧನರಾದರು. ಅದಾದ ಎರಡು ದಿನಗಳ ನಂತರ ಬ್ರಿಟನ್ನಿನ ಸಂಸತ್ತು ಸಲಿಂಗಿ ಪುರುಷರ ಒಪ್ಪಿಗೆಯ ವಯಸ್ಸನ್ನು ಇತರರಿಗೆ ಸಮಾನವಾಗಿ 16ಕ್ಕೆ ಇಳಿಸುವ ಪ್ರಸ್ತಾಪವನ್ನು ತಿರಸ್ಕರಿಸಿ, 18ಕ್ಕೆ ಇಳಿಸಲು ಒಪ್ಪಿತು. ಸಮಾನತೆಯನ್ನು ತಂದ ಕಾಯಿದೆ ಅಂಗೀಕೃತವಾದದ್ದು 2000ದಲ್ಲಿ. ಡಂಜನೆಸ್‌ನ ಮನೆ ಮತ್ತು ತೋಟಗಳನ್ನು 2020ರಲ್ಲಿ ಸಾರ್ವಜನಿಕ ದೇಣಿಗೆಯಿಂದ ಸಂಗ್ರಹವಾದ 35 ಲಕ್ಷ ಪೌಂಡುಗಳ ನೆರವಿನಿಂದ ಉಳಿಸಿಕೊಳ್ಳಲಾಯಿತು.

ಈ ಚರಿತ್ರೆ ಭಾರತದಿಂದ ತೀರ ದೂರವಾದುದೇನಲ್ಲ. ಜಾರ್ಮನ್ ಅವರ ಯೌವನದ ಮೇಲೆ ನೆರಳು ಚೆಲ್ಲಿದ ಬ್ರಿಟನ್ನಿನ ಕಾನೂನಿನ ಸೋದರ ರೂಪವೇ 1860ರಲ್ಲಿ ವಸಾಹತು ಸರ್ಕಾರವು ಭಾರತೀಯ ದಂಡಸಂಹಿತೆಯಲ್ಲಿ ಸೇರಿಸಿದ 377ನೆಯ ಕಲಂ. ವಸಾಹತುವಿನ ತವರಿನಲ್ಲಿ 1967ರಲ್ಲಿ ಸಡಿಲಗೊಂಡ ಕಾನೂನು ಇಲ್ಲಿ ಮುಂದುವರಿಯಿತು. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ನೀಡಿದ ಬಿಡುಗಡೆಯನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಿಂತೆಗೆದುಕೊಂಡು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು.

ಒಟ್ಟಿನಲ್ಲಿ, ಜಾರ್ಮನ್ ಅವರ ಕೃತಿಗಳನ್ನು ಅನುಕ್ರಮವಾಗಿ ಪರಿಶೀಲಿಸಿದಾಗ ಸ್ವತಂತ್ರ ಸಿನಿಮಾ ಎಂಬುದರ ಅರ್ಥ ವಿಸ್ತಾರಗೊಳ್ಳುತ್ತದೆ. ಅವರು ಹಣಕ್ಕಾಗಿ ಇತರರನ್ನು ಅವಲಂಬಿಸಿದರು, ಕಥೆಗಾಗಿ ಪರಂಪರೆಯನ್ನು ಅವಲಂಬಿಸಿದರು, ಕೆಲಸಕ್ಕಾಗಿ ಗೆಳೆಯರನ್ನು ಅವಲಂಬಿಸಿದರು. ಆದರೆ ಇವುಗಳಲ್ಲಿ ಯಾವುದೂ ಅವರು ಯಾರೆಂಬುದನ್ನು ಮರೆಮಾಚುವಂತೆ ಮಾಡಲಿಲ್ಲ. ಇರುವಷ್ಟರಲ್ಲಿಯೇ ರೂಪವನ್ನು ಹುಡುಕಿಕೊಳ್ಳುವ ಶಿಸ್ತು ಮತ್ತು ತನ್ನ ಬದುಕಿನ ಸತ್ಯವನ್ನು ಇತರರ ಅನುಮತಿಗಾಗಿ ಕಾಯದೆ ಹೇಳುವ ನಿಲುವು ಅವರಲ್ಲಿ ಬೇರೆಬೇರೆಯಾಗಿರಲಿಲ್ಲ. ಹಣ, ರೂಪ ಹಾಗೂ ಹೆಸರು ಎಂಬ ಮೂರು ನೆಲೆಗಳಲ್ಲಿ ಯಾವುದು ಮೊದಲು ಎಂಬ ಪ್ರಶ್ನೆಗೆ ಅವರ ಚಿತ್ರಗಳ ಮಟ್ಟಿಗಾದರೂ ಉತ್ತರವಿದೆ. ಅಲ್ಲಿ ಹೆಸರು ಮೊದಲು ಬಂದಿತು, ರೂಪ ಅದನ್ನು ಹಿಂಬಾಲಿಸಿತು, ಹಣ ಬಂದಷ್ಟಕ್ಕೆ ಬಂದಿತು.